ನೀಲಿ ವೈರು

ವಾಡಿ ಸ್ಟೇಷನ್ನಿನಿಂದ ಹೊರಬಿದ್ದು ಎಡಕ್ಕೆ ಹೊರಳಿ ಎರಡು ಹಣ್ಣಿನ ಬಂಡಿ ದಾಟಿದರೆ ಒಂದು ಎಕ್ಸ್-ರೇ ಸೆಂಟರ್ ಸಿಗುತ್ತದೆ. ಅಲ್ಲಿ ಕಿಟಕಿಯ ಹಿಂದೆ ಕೂತು ಬಂದವರ ಹೆಸರು ಬರೆದುಕೊಳ್ಳುವ ಜಗದೇವಿ ತನ್ನ ಐವತ್ತೊಂದು ವರ್ಷದ ಬಾಳಿನಲ್ಲಿ ಯಾರನ್ನೂ ಪೂರ್ತಿ ನಂಬಿದವಳಲ್ಲ. ಹಾಲಿನವನು ಅಳೆದು ಹಾಕಿದ ಹಾಲನ್ನು ಒಳಗೆ ಹೋಗಿ ತನ್ನ ಲೋಟದಿಂದ ಇನ್ನೊಮ್ಮೆ ಅಳೆಯುತ್ತಾಳೆ. ರೈಲು ಬಂತೆಂದು ಮೈಕಿನಲ್ಲಿ ಕೂಗಿದರೂ ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ಬಗ್ಗಿ ನೋಡಿದ ಮೇಲೆಯೇ ಚೀಲ ಎತ್ತಿಕೊಳ್ಳುತ್ತಾಳೆ. ಆಕೆಯ ಗಂಡ ಶಂಕರಲಿಂಗ ಅದೇ ರೈಲ್ವೆಯಲ್ಲಿ ನೌಕರ. ಮದುವೆಯಾದ ಹೊಸದರಲ್ಲಿ ಆಕೆಯ ಈ ತಪಾಸಣೆಗೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲಿ ಹೋಗಿದ್ದೆ, ಯಾರ ಜೊತೆ ಚಹಾ ಕುಡಿದೆ ಎಂದು ಕೇಳುವ ಮೊದಲೇ ಒಪ್ಪಿಸಿಬಿಡುತ್ತಾನೆ.

ಇದು ಆಕೆಯ ಹುಟ್ಟುಗುಣವೇನಲ್ಲ. ತವರು ರಾವೂರು. ಅವಳಪ್ಪನಿಗೆ ಅಲ್ಲಿ ನಾಲ್ಕು ತುಂಡು ಹೊಲವಿತ್ತು, ತೊಗರಿ ಚೆನ್ನಾಗಿ ಬರುತ್ತಿತ್ತು. ಕಲ್ಲಿನ ಲಾರಿ ಓಡಾಡಲು ಒಂದು ಹೊಲದ ಬದುವಿನಲ್ಲಿ ದಾರಿ ಬೇಕು ಎಂದು ಯಾರೋ ಬಂದು, ಚಿತ್ತಾಪುರಕ್ಕೆ ಕರೆದೊಯ್ದು, ಊಟ ಹಾಕಿಸಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ಸರ್ವೆ ನಂಬರಿಗೆ ಒತ್ತುತ್ತಿದ್ದೇನೆ ಎಂದು ಅಪ್ಪ ತಿಳಿದಿದ್ದ. ಕಾಗದದಲ್ಲಿ ನಾಲ್ಕೂ ನಂಬರು ಇದ್ದವು. ಆಗ ಜಗದೇವಿ ಎಂಟನೇ ತರಗತಿಯಲ್ಲಿದ್ದಳು. ಆ ಕಾಗದವನ್ನು ಮನೆಯಲ್ಲಿ ಮೊದಲು ಓದಿದವಳು ಅವಳೇ, ಅದೂ ಎಲ್ಲ ಮುಗಿದ ಮೇಲೆ. ಇವತ್ತು ಆ ತೊಗರಿ ಹೊಲವಿದ್ದಲ್ಲಿ ಆಳವಾದ ಕಲ್ಲಿನ ಖಣಿ ಇದೆ, ಅದರ ತುಂಬ ಹಸಿರು ನೀರು ನಿಂತಿದೆ. ಒಂದು ಕಡೆ ಒತ್ತಿದ್ದು ಎಲ್ಲ ಕಡೆಗೂ ಅನ್ವಯಿಸುತ್ತದೆ ಎಂದು ಯಾರಾದರೂ ಹೇಳಿದರೆ ಜಗದೇವಿ ಇಂದಿಗೂ ಮೊದಲು ಕಾಗದ ತೋರಿಸು ಎನ್ನುತ್ತಾಳೆ.

ಆದ್ದರಿಂದ ಕಳೆದ ದೀಪಾವಳಿ ಮುಗಿದ ವಾರ ಫೈಜಾನ್ ಬಂದು ಹೇಳಿದ ಮೊದಲ ಮಾತೇ ಆಕೆಗೆ ಸೇರಲಿಲ್ಲ. ಸೆಂಟರಿನ ಮಾಲೀಕರು ಶಹಾಬಾದಿನ ಡಾಕ್ಟರ್ ಗುರುಲಿಂಗಪ್ಪ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಹೀಗೆ ಐದು ಊರಲ್ಲಿ ಅವರ ಐದು ಸೆಂಟರು. ತೆಗೆದ ಎಕ್ಸ್-ರೇಗಳೆಲ್ಲ ಆಯಾ ಊರಿನ ಕಂಪ್ಯೂಟರಿನಲ್ಲಷ್ಟೇ ಇರುತ್ತಿದ್ದವು. ಕಂಪ್ಯೂಟರ್ ಕೆಟ್ಟರೆ ಎಲ್ಲವೂ ಹೋಯಿತು. ಪ್ರತಿದಿನ ಐದೂ ಊರಿನಿಂದ ಒಂದೊಂದು ನಕಲು ತಾನಾಗಿ ಶಹಾಬಾದಿಗೆ ಬಂದು ಬೀಳಲಿ ಎಂದು ಡಾಕ್ಟರು ಹೊಸ ಬ್ಯಾಕಪ್ ಸಾಫ್ಟ್‌ವೇರ್ ಕೊಂಡಿದ್ದರು. ಅದನ್ನು ಕೂಡಿಸಲು ಬಂದವನು ಫೈಜಾನ್. ಮೂವತ್ತು ದಾಟಿದ, ಶಹಾಬಾದಿನ ಕಂಪ್ಯೂಟರ್ ರಿಪೇರಿಯವನು. ಹನ್ನೆರಡು ಕಡೆ ಕೆಲಸ ಒಪ್ಪಿಕೊಂಡು ಹದಿಮೂರನೆಯವರ ಫೋನಿಗೂ ಬಂದೆ ಬಂದೆ ಎನ್ನುವ ಜಾತಿ.

ವಾಡಿಯ ಕಂಪ್ಯೂಟರಿನಲ್ಲೇ ಕೂತು ಅವನು ಗ್ಲೋಬಲ್ ಸೆಟಿಂಗ್ಸ್ ಎಂಬ ಪುಟ ತೆರೆದ. ಅದೇನೆಂದು ಜಗದೇವಿ ಬೆನ್ನ ಹಿಂದೆ ನಿಂತು ಕೇಳಿದಳು.

“ಒಂದ್ ಕಡಿ ಬರದ್ರ ಐದೂ ಊರಿಗಿ ಅದೇ ಕಾನೂನು ಅಕ್ಕಾ. ಊರೂರಿಗಿ ತಿರುಗೋದು ಬೇಕಿಲ್ಲ,” ಎಂದ ಫೈಜಾನ್.

ಆಕೆ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತುಬಿಟ್ಟಳು. ಅವನು ಒಂದೊಂದೇ ಖಾನೆ ತುಂಬುತ್ತ ಹೋದ. ನಕಲು ಹೋಗುವ ಹೊತ್ತು, ಸೆಂಟರು ಮುಚ್ಚಿದ ಮೇಲೆ, ಎಂಟೂವರೆ. ಲೈನು ಸಣ್ಣದಾದ್ದರಿಂದ ಒಮ್ಮೆಗೆ ಎರಡೇ ಊರು. ಆಮೇಲೆ ಪಾಸ್‌ವರ್ಡ್, ಅದನ್ನು ಒತ್ತುವಾಗ ಆಚೆ ನೋಡಿರಿ ಎಂದ, ಆಕೆ ಕಣ್ಣು ತೆಗೆಯಲಿಲ್ಲ. ಮುಂದಿನ ಖಾನೆಯಲ್ಲಿ ತೊಂಬತ್ತು ಎಂದು ಬರೆದ. ಅದೇನು ತೊಂಬತ್ತು ಎಂದಾಗ, ತೊಂಬತ್ತು ದಿನ ದಾಟಿದ ಹಳೆಯದು ತಾನೇ ಅಳಿಸಿಹೋಗುತ್ತದೆ ಎಂದು ಅವಸರದಲ್ಲಿ ಹೇಳಿಬಿಟ್ಟ. ಜಗದೇವಿ ಕುರ್ಚಿಯಿಂದ ಅರ್ಧ ಎದ್ದಳು. ಅವನು ಆಕೆಯ ಮುಖ ನೋಡಿ ಸರಿಪಡಿಸಲು ಹೋದ: ಅಳಿಸುವುದು ಎಕ್ಸ್-ರೇಯನ್ನಲ್ಲ, ಹೊಸ ನಕಲು ಬಂದ ಮೇಲೆ ಉಳಿದ ಹಳೆಯ ನಕಲನ್ನು, ಮೂಲ ಇಲ್ಲೇ ಇರುತ್ತದೆ, ಅದರ ತಾಜಾ ನಕಲು ಅಲ್ಲಿರುತ್ತದೆ. ಆಕೆ ತಲೆಯಾಡಿಸಿದಳು. ಮೊದಲು ಬಾಯಿ ತಪ್ಪಿ ಬಂದದ್ದೇ ನಿಜ, ಆಮೇಲೆ ಬಂದದ್ದೆಲ್ಲ ತೇಪೆ ಎಂಬುದು ಆಕೆಯ ಲೆಕ್ಕ.

ಕೊನೆಯ ಖಾನೆಯೊಂದು ಉಳಿದಿತ್ತು. ಫೈಜಾನ್ ಗೋಡೆಯ ಮೇಲೆ ರೋಗಿಗಳಿಗಾಗಿ ಬರೆದಿದ್ದ ಆಕೆಯ ಫೋನ್ ನಂಬರನ್ನು ನೋಡಿ ಏನೋ ಒತ್ತಿ, ನಿಮಗೆ ದಿನಾ ಒಂದು ಮೆಸೇಜ್ ಬರುತ್ತದೆ, ನೋಡುತ್ತಿರಿ ಎಂದು ಹೇಳಿ ಎದ್ದ. ಮರುದಿನ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಇಂಗ್ಲಿಷಿನಲ್ಲಿ ಮೆಸೇಜ್ ಬಂತು, ಕೆಳಗೊಂದು ನೀಲಿ ಲಿಂಕು. ಇಂಥದ್ದನ್ನು ಒತ್ತಿ ಬರಿಗೈಯಾದವರ ಸುದ್ದಿ ಆಕೆ ದಿನಾ ಓದುತ್ತಿದ್ದಳು. ಫೈಜಾನ್ ಹೇಳಿದ್ದು ಇದೇ ಎನ್ನಲು ಅದರಲ್ಲಿ ಅವನ ಹೆಸರೂ ಇರಲಿಲ್ಲ; ಆ ನಂಬರನ್ನು ಅಲ್ಲೇ ಬ್ಲಾಕ್ ಮಾಡಿದಳು.

ಅದಕ್ಕೂ ಮೊದಲೇ, ಫೈಜಾನ್ ಬಂದುಹೋದ ಸಂಜೆಯೇ ಎಂಟಕ್ಕೆ ಬಸವಣ್ಣನ ಫೋಟೋಕ್ಕೆ ಊದುಬತ್ತಿ ಹಚ್ಚಿ, ನೆಲ ಒರೆಸುವ ಲಾಲಮ್ಮ ಬಕೆಟ್ ತೊಳೆಯಲು ಹಿಂದಕ್ಕೆ ಹೋದದ್ದನ್ನು ನೋಡಿಕೊಂಡು, ಕಂಪ್ಯೂಟರಿನ ಬೆನ್ನಿಗಿದ್ದ ನೀಲಿ ವೈರನ್ನು ಕಿತ್ತಿದ್ದಳು. ಹೊರಗಿನ ಲೈನು ಒಳಗೆ ಬರುವುದು ಅದರಿಂದಲೇ ಎಂದು ಆಕೆಗೆ ಗೊತ್ತಿತ್ತು. ವೈರೇ ಇಲ್ಲದಿದ್ದರೆ ಶಹಾಬಾದಿನಿಂದ ಬಂದು ಅಳಿಸುವವರು ಯಾರು? ಬೆಳಿಗ್ಗೆ ಬಂದೊಡನೆ ಮತ್ತೆ ಚುಚ್ಚಿದಳು. ಮಾರನೆಯ ಸಂಜೆ ಮತ್ತೆ ಕಿತ್ತಳು. ಹಳ್ಳಿಹಳ್ಳಿಯಿಂದ ಬಂದು ಉಸಿರು ಬಿಗಿಹಿಡಿದು ನಿಂತವರ ಎದೆಗೂಡುಗಳೆಲ್ಲ ಆ ಪೆಟ್ಟಿಗೆಯೊಳಗಿವೆ, ಅವನ್ನು ಕಾಯುವುದು ತನ್ನ ಕೆಲಸ ಎಂದು ಆಕೆ ನಂಬಿದ್ದಳು. ಹೀಗೆ ಆರು ತಿಂಗಳು ಒಂದು ದಿನವೂ ತಪ್ಪಲಿಲ್ಲ; ಸೆಂಟರಿಗೆ ರಜೆಯಿರುವ ಭಾನುವಾರ, ಅಮಾವಾಸ್ಯೆಗೆ ಹಿಂದಿನ ಸಂಜೆ ಕಿತ್ತದ್ದು ಹಾಗೇ ಇರುತ್ತಿತ್ತು.

ಮೇ ತಿಂಗಳ ಬಿಸಿಲಿಗೆ ಕಂಪ್ಯೂಟರ್ ಸತ್ತಿತು. ಫೈಜಾನ್ ಬಂದು, ಡಿಸ್ಕ್ ಹೋಗಿದೆ ಎಂದು ಹೊಸದು ಹಾಕಿ, ಹಳೆಯದನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಹಳೆಯ ಎಕ್ಸ್-ರೇಗಳು ಶಹಾಬಾದಿನ ನಕಲಿನಿಂದ ಎರಡು ದಿನದಲ್ಲಿ ಬರುತ್ತವೆ ಎಂದ. ಸತ್ತ ಡಿಸ್ಕು ಅವನಿಗೇಕೆ ಎಂದು ಜಗದೇವಿ ಕೇಳಿದಳು. ಅವನು ನೋಡೋಣ ಅಕ್ಕಾ, ನೋಡೋಣ ಎಂದಷ್ಟೇ ಹೇಳಿ ಹೋದ. ಎರಡು ದಿನ ನಾಲ್ಕಾಯಿತು. ಅವನ ಫೋನು ಹೊಡೆದುಕೊಂಡರೂ ಎತ್ತಲಿಲ್ಲ.

ಅದೇ ಹೊತ್ತಿಗೆ ರಾವೂರಿನ ಪೀರಪ್ಪ ಬಂದ. ಇಪ್ಪತ್ತೆರಡು ವರ್ಷ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಧೂಳು ನುಂಗಿದವನು. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರ ಮೇಲೆ ಕೂರುತ್ತಾನೆ. ಇದು ಕೆಲಸದಿಂದ ಬಂದ ರೋಗ ಎಂದು ಬರೆದುಕೊಡಲು ಕಲಬುರಗಿಯಲ್ಲಿ ಡಾಕ್ಟರುಗಳ ಬೋರ್ಡು ಕೂರುವುದಿತ್ತು. ರೋಗ ಕೆಲಸ ಬಿಟ್ಟ ಮೇಲೆ ಬಂದದ್ದು, ಬೀಡಿಯಿಂದ ಬಂದದ್ದು ಎಂದು ಕಾರ್ಖಾನೆಯವನು ಹೇಳುತ್ತಿದ್ದ. ಪೀರಪ್ಪ ಎಂಟು ವರ್ಷದ ಹಿಂದೆ, ಇನ್ನೂ ಕೆಲಸದಲ್ಲಿದ್ದಾಗ, ವಾಡಿಯಲ್ಲೇ ಎದೆಯ ಎಕ್ಸ್-ರೇ ತೆಗೆಸಿದ್ದ. ಅದರಲ್ಲೇ ಕಲೆಗಳಿದ್ದವು. ಅದೊಂದು ಸಿಕ್ಕರೆ ಪೀರಪ್ಪನ ವಾದ ಗಟ್ಟಿಯಾಗಿ ನಿಲ್ಲುತ್ತದೆ, ಸಿಗದಿದ್ದರೆ ಬಿದ್ದುಹೋಗುತ್ತದೆ. ಕೈಗೆ ಕೊಟ್ಟಿದ್ದ ಫಿಲ್ಮನ್ನು ಅವನ ಮನೆಯವರು ಗವಾಕ್ಷಿಯ ಕಿಂಡಿಗೆ ಹಚ್ಚಿದ್ದರು. ಎಂಟು ಬೇಸಿಗೆಯ ಬಿಸಿಲು ತಿಂದು ಅದು ಪೂರ್ತಿ ಕಪ್ಪಾಗಿತ್ತು.

“ನಿನ್ ಪೆಟಗಿದಾಗ ಅದ ಅಲ್ಲ ತಂಗೀ?” ಎಂದ ಪೀರಪ್ಪ. “ಮುಂದಿನ ಗುರುವಾರ ಬೋರ್ಡ್ ಅದ.”

ಒಂದೇ ಊರಿನವರಾದ್ದರಿಂದ ಅವನು ಆಕೆಯನ್ನು ಮೊದಲಿನಿಂದಲೂ ತಂಗಿ ಎನ್ನುತ್ತಿದ್ದ. ಜಗದೇವಿ ಇದೆ ಎಂದು ಕಳಿಸಿದಳು. ಅವನು ಮೆಟ್ಟಿಲಿಳಿದು, ಹಣ್ಣಿನ ಬಂಡಿ ಹಿಡಿದು ಉಸಿರು ತಿರುಗಿಸಿಕೊಳ್ಳುವುದನ್ನು ನೋಡುತ್ತ ನಿಂತವಳಿಗೆ, ತಲೆಯಲ್ಲಿ ಒಂದೊಂದೇ ಎಳೆ ಕೂಡಿಕೊಂಡವು. ಕಾರ್ಖಾನೆಯವನ ಬಿಳಿ ಗಾಡಿ ಹೋದ ತಿಂಗಳು ಶಹಾಬಾದಿನಲ್ಲಿ ಡಾಕ್ಟರರ ಮನೆಯ ಮುಂದೆ ನಿಂತದ್ದನ್ನು ಆಕೆ ನೋಡಿದ್ದಳು. ತೊಂಬತ್ತು ದಿನದ ಖಾನೆ. ಚೀಲಕ್ಕೆ ಹೋದ ಡಿಸ್ಕು. ಎತ್ತದ ಫೋನು. ಸರಿಯಾಗಿ ಬೋರ್ಡು ಕೂರುವ ಹತ್ತು-ಹನ್ನೆರಡು ದಿನ ಮುಂಚೆ ಕಂಪ್ಯೂಟರ್ ತಾನೇ ಸಾಯುತ್ತದೆಯೆ? ಅಪ್ಪನ ಹೊಲ ನುಂಗಿದವರ ಮಕ್ಕಳೇ ಈಗ ಪೀರಪ್ಪನ ಎದೆಗೂಡನ್ನು ಅಳಿಸಿದ್ದಾರೆ ಎಂದು ಆಕೆಗೆ ಖಾತ್ರಿಯಾಯಿತು. ಶನಿವಾರ ಪ್ಯಾಸೆಂಜರ್ ಹಿಡಿದು ಶಹಾಬಾದಿಗೆ ಹೋದಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದಳು.

ಆದರೆ ಡಾಕ್ಟರರ ಕೋಣೆಯಲ್ಲಿ ಆಕೆಗಿಂತ ಮೊದಲೇ ಜಗಳ ನಡೆದಿತ್ತು. ಫೈಜಾನ್ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತಿದ್ದ. ವಾಡಿಯ ಒಂದು ದಿನದ ನಕಲೂ ಶಹಾಬಾದಿನಲ್ಲಿ ಇಲ್ಲವೆಂದು ಡಾಕ್ಟರು ಮುಖ ಕೆಂಪು ಮಾಡಿಕೊಂಡು ಹೇಳಿದರು. ಅದು ಗೊತ್ತಾದ ದಿನವೇ ಫೈಜಾನ್ ಸತ್ತ ಡಿಸ್ಕನ್ನು ಹೈದರಾಬಾದಿಗೆ ಒಯ್ದಿದ್ದ; ಅಲ್ಲಿ ಬಿಚ್ಚಿ ನೋಡಿದವರು ಇದರಿಂದ ಏನೂ ಬರುವುದಿಲ್ಲ ಎಂದಿದ್ದರು. ಫೋನೆತ್ತಲು ಅವನಿಗೆ ಮುಖವಿರಲಿಲ್ಲ. ಜಗದೇವಿ ಕಟ್ಟಿಕೊಂಡು ಬಂದ ಮಾತುಗಳನ್ನು ಹಾಗೇ ಹಿಡಿದು, ತೋರಿಸು ಎಂದಳು.

ಅವನು ಗ್ಲೋಬಲ್ ಸೆಟಿಂಗ್ಸ್ ಪುಟವನ್ನೇ ತೆರೆದು ತೋರಿಸಿದ. ಕೆಳಗೆ ಐದು ಊರಿನ ಪಟ್ಟಿ. ನಾಲ್ಕರ ಮುಂದೆ ಹಸಿರು ಚುಕ್ಕೆ. ಚಿಂಚೋಳಿಯ ಹತ್ತು ವರ್ಷದ ಹಿಂದಿನ ಎಕ್ಸ್-ರೇಯನ್ನೂ ತೆಗೆದು ತೋರಿಸಿದ, ತೊಂಬತ್ತು ದಿನದಲ್ಲಿ ಅದೇನೂ ಅಳಿದಿರಲಿಲ್ಲ. ವಾಡಿಯ ಮುಂದೆ ಕೆಂಪು ಚುಕ್ಕೆ. ಅದನ್ನು ಒತ್ತಿದರೆ ದಿನಕ್ಕೊಂದರಂತೆ ಸಾಲು, ಎಲ್ಲದರಲ್ಲೂ ಒಂದೇ ಮಾತು, ಎಂಟೂವರೆಗೆ ಬಾಗಿಲು ತಟ್ಟಿದೆ, ವಾಡಿ ಸಿಗಲಿಲ್ಲ. ಆಮೇಲೆ ಅವನು ಮೇಲಿನ ಖಾನೆಗೆ ಬೆರಳಿಟ್ಟ. ಯಾವ ಊರಿನ ನಕಲು ಬಂತು, ಯಾವುದು ತಪ್ಪಿತು ಎಂದು ದಿನಾ ಯಾರಿಗೆ ತಿಳಿಸಬೇಕು ಎಂಬ ಖಾನೆ. ಅಲ್ಲಿದ್ದದ್ದು ಜಗದೇವಿಯ ನಂಬರು.

“ಯಾರ ಮ್ಯಾಲೂ ನಂಬಿಕಿ ಇಲ್ಲದೋರು ನೀವೊಬ್ರೇ ಇದ್ರಿ ಅಕ್ಕಾ,” ಎಂದ ಫೈಜಾನ್. “ಅದಕ್ಕ ಐದೂ ಊರಿನ ಕಾವಲು ನಿಮ್ಮ ಕೈಯಾಗ ಕೊಟ್ಟಿದ್ದೆ. ನೀವು ಸುಮ್ಮನಿದ್ರಿ, ಎಲ್ಲಾ ಬರೋಬ್ಬರಿ ಅದ ಅಂತ ನಾನೂ ಸುಮ್ಮನಿದ್ದೆ. ಒಂದ್ ಸಲ ನಾನೇ ಬಂದು ನೋಡಬೇಕಿತ್ತು. ನಂದೂ ತಪ್ಪದ.”

ರಾತ್ರಿ ಆ ಹೊತ್ತಿಗೆ ಅಲ್ಲಿ ಲೈನು ಇರುತ್ತದಲ್ಲವೆ ಎಂದು ಡಾಕ್ಟರು ಕೇಳಿದರು. ಜಗದೇವಿಯ ನಾಲಿಗೆಯ ತುದಿಗೆ ಬಂದದ್ದು ನೀಲಿ ವೈರು. ಹೊರಗೆ ಬಿದ್ದದ್ದು ಬೇರೆ.

“ವಾಡಿದಾಗ ಲೈನ್ ಸುಮಾರ್ ಅದರಿ,” ಎಂದಳು.

ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ, ವಾಡಿಯಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ. ಡಾಕ್ಟರು ಫೈಜಾನನಿಗೆ ನಾಳೆಯಿಂದ ಬರಬೇಡ ಎಂದರು. ಅವನು ಚೀಲದ ಜಿಪ್ಪು ಎಳೆದುಕೊಂಡ. ಜಗದೇವಿ ಅವನ ಮುಖ ನೋಡದೆ ಹೊರಬಿದ್ದಳು.

ವಾಪಸು ಬರುವ ರೈಲಿನಲ್ಲಿ ಎದುರು ಸೀಟಿನ ಹೆಂಗಸು ಸುಮ್ಮನೆ ನೋಡಿದರೂ ಆಕೆ ಸೆರಗು ಸರಿಮಾಡಿಕೊಂಡಳು. ಸುಳ್ಳು ಹೇಳಿದವರ ಮುಖ ಹೇಗಿರುತ್ತದೆ ಎಂದು ಆಕೆಯಷ್ಟು ಬಲ್ಲವರಿಲ್ಲ. ಆ ಮುಖ ಈಗ ತನ್ನ ಕತ್ತಿನ ಮೇಲೆ ಕೂತಿತ್ತು. ಯಾರೂ ನೋಡಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅನುಮಾನಪಡುವವರೊಬ್ಬರೂ ಇಲ್ಲದ ಕಡೆ ಕೂತಿದ್ದೇನಲ್ಲ ಎಂದು ಅವಳಿಗೆ ಹಾಯೆನಿಸಬೇಕಿತ್ತು. ಅನಿಸಲಿಲ್ಲ, ನಾಚಿಕೆಯಾಯಿತು. ಪೀರಪ್ಪನ ಎದೆಗೂಡನ್ನು ಯಾರೂ ಅಳಿಸಿರಲಿಲ್ಲ. ಉಳಿಸಲೆಂದು ಬಂದು ಆರು ತಿಂಗಳು ಬಾಗಿಲು ತಟ್ಟಿದವರಿಗೆ ಅವಳೇ ಅಗಳಿ ಹಾಕಿಕೊಂಡು ಕೂತಿದ್ದಳು.

ಸೆಂಟರಿಗೆ ಬಂದಾಗ ಮುಚ್ಚುವ ಹೊತ್ತಾಗಿತ್ತು. ಲಾಲಮ್ಮ ನೆಲ ಒರೆಸುತ್ತಿದ್ದಳು. ಜಗದೇವಿ ಊದುಬತ್ತಿ ಹಚ್ಚಿ, ಅಭ್ಯಾಸದಂತೆ ಕಂಪ್ಯೂಟರಿನ ಹಿಂದೆ ಕೈ ಹಾಕಿ, ಹಾವು ಮುಟ್ಟಿದವಳಂತೆ ಹಿಂದೆ ತೆಗೆದಳು.

“ಇವತ್ ಆ ನೀಲಿ ವೈರ್ ತೆಗಿಯಂಗಿಲ್ಲೇನ್ರಿ ಅಕ್ಕೋರ?” ಎಂದಳು ಲಾಲಮ್ಮ, ತಲೆ ಎತ್ತದೆ.

ನಿನಗೆ ಗೊತ್ತಿತ್ತೆ ಎಂದು ಜಗದೇವಿ ಕೇಳಿದ್ದು ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ಲಾಲಮ್ಮ ಬಟ್ಟೆ ಹಿಂಡಿದಳು. ದಿನಾ ನೋಡುತ್ತಿದ್ದೆ ಎಂದಳು. ಕಸ ಹೊಡೆಯುವಾಗ ಆ ವೈರಿಗೆ ಮಾತ್ರ ಕೈ ಹಚ್ಚಬೇಡ, ಅದರಿಂದಲೇ ರಾತ್ರಿ ಎಲ್ಲ ಶಹಾಬಾದಿಗೆ ಹೋಗುತ್ತದೆ ಎಂದು ಫೈಜಾನ್ ಹೋಗುವಾಗ ಅವಳಿಗೆ ಹೇಳಿಹೋಗಿದ್ದನಂತೆ.

“ಮತ್ತ ನನಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ, ಅವನ ಕೂಡ ನಿಂದೇನ್ ಮಾತು ಅಂತ ಕೇಳ್ತಿದ್ರಿ. ಫಿನಾಯಿಲ್ ಬಾಟ್ಲಿಗಿ ಪೆನ್ನಿಲೆ ಗೆರಿ ಹೊಡದ ಇಡ್ತೀರಲ್ರಿ ನೀವು. ನನಗ ಕಾಣಸ್ತದರಿ. ಒಂಬತ್ ವರ್ಷ ಆತು.” ಲಾಲಮ್ಮ ಬಕೆಟ್ ಎತ್ತಿಕೊಂಡಳು. “ನಿಮಗ ಏನರ ಹೇಳಾಕ ಎಲ್ಲಾರೂ ಅಂಜತಾರ.”

ಅವಳು ಸಿಟ್ಟಿನಿಂದ ಹೇಳಲಿಲ್ಲ, ಅಂಗಡಿ ಬಂದಾಗಿದೆ ಎಂದು ಹೇಳುವಂತೆ ಹೇಳಿದಳು. ಜಗದೇವಿ ನೀಲಿ ವೈರನ್ನು ಒತ್ತಿ ಗಟ್ಟಿ ಮಾಡಿದಳು. ಆಮೇಲೆ ಡಾಕ್ಟರಿಗೆ ಫೋನು ಹಚ್ಚಿ, ವೈರು, ಬ್ಲಾಕ್ ಮಾಡಿದ ನಂಬರು, ಮಧ್ಯಾಹ್ನದ ಸುಳ್ಳು, ಮೂರನ್ನೂ ಹೇಳಿದಳು. ಕಾರ್ಖಾನೆಯವನ ಗಾಡಿಯ ವಿಷಯವನ್ನೂ ಹೇಳಿಬಿಟ್ಟಳು. ಅವನ ತಾಯಿಯ ತೊಡೆಯ ಎಲುಬು ಮುರಿದಿತ್ತು, ನೋಡಲು ಕರೆಯಲು ಬಂದಿದ್ದ ಎಂದು ಡಾಕ್ಟರು ಬೇಸರದಿಂದ ಹೇಳಿ ಫೋನಿಟ್ಟರು.

ಮರುದಿನ ಭಾನುವಾರ ರಾವೂರಿಗೆ ಹೋದಳು. ಪೀರಪ್ಪ ಹೊರಗಿನ ಕಟ್ಟೆಯ ಮೇಲೆ ದಿಂಬಿಗೊರಗಿ ಕೂತಿದ್ದ. ಎಕ್ಸ್-ರೇ ಹೋಯಿತು, ನನ್ನ ಕೈಯಾರೆ ಹೋಯಿತು ಎಂದು ಆಕೆ ನಿಂತೇ ಹೇಳಿದಳು. ಅವನು ಬೈಯುತ್ತಾನೆ, ಯಾರ ಕಡೆಯಿಂದ ಏನು ತಿಂದೆ ಎಂದು ಕೇಳುತ್ತಾನೆ ಎಂದು ಕಾದಳು. ಅವನ ಜಾಗದಲ್ಲಿ ತಾನಿದ್ದರೆ ಮೊದಲು ಕೇಳುತ್ತಿದ್ದದ್ದು ಅದನ್ನೇ. ಪೀರಪ್ಪ ಕೆಮ್ಮಿ ಮುಗಿಸಿ, ದಿಂಬು ಸರಿಮಾಡಿಕೊಂಡ.

“ನೀ ಬೇಕಂತ ಮಾಡಾಕಿ ಅಲ್ಲ ತಂಗೀ,” ಎಂದ ಕೊನೆಗೆ. “ಈಗ ಏನ್ ಮಾಡೂನು, ಅದು ಹೇಳು.”

ನಂಬಿಸಿಕೊಳ್ಳುವುದು ಇಷ್ಟು ಭಾರವೆಂದು ಆಕೆಗೆ ಗೊತ್ತಿರಲಿಲ್ಲ. ಕಟ್ಟೆಯ ಅಂಚಿಗೆ ಕೂತು ಅತ್ತಳು. ಅತ್ತು ಮುಗಿದ ಮೇಲೆ ಆಕೆಗೆ ತನ್ನ ರಿಜಿಸ್ಟರು ನೆನಪಾಯಿತು.

ಕಂಪ್ಯೂಟರನ್ನು ನಂಬದ ಜಗದೇವಿ ಹದಿನೈದು ವರ್ಷದಿಂದ ಪ್ರತಿ ರಿಪೋರ್ಟಿನ ಸಾರವನ್ನು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಆಮೇಲೆ ತಿದ್ದಿದ್ದಾಳೆ ಎಂದು ಯಾರಾದರೂ ಹೇಳಿಯಾರೆಂದು ಪ್ರತಿ ಪುಟಕ್ಕೂ ಡಾಕ್ಟರರಿಂದ ತಾರೀಖು ಸಮೇತ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಡಾಕ್ಟರು ನಗುತ್ತಲೇ ಹಾಕುತ್ತಿದ್ದರು. ಎಂಟು ವರ್ಷದ ಹಿಂದಿನ ಪುಸ್ತಕದಲ್ಲಿ ಪೀರಪ್ಪನ ಹೆಸರಿತ್ತು. ಮುಂದೆ, ಎರಡೂ ಕಡೆ ಮೇಲ್ಭಾಗದಲ್ಲಿ ಸಣ್ಣ ಗಂಟುಗಳು, ಕೆಲಸ ಕಲ್ಲು ಪಾಲಿಶ್ ಎಂದು ಆಕೆಯದೇ ದುಂಡಕ್ಷರ.

ಗುರುವಾರ ಕಲಬುರಗಿಯ ಬೋರ್ಡಿನ ಮುಂದೆ ಆ ಪುಸ್ತಕವನ್ನು ಇಟ್ಟಾಗ, ನಡುವೆ ಕೂತ ಡಾಕ್ಟರಮ್ಮ ಅದನ್ನು ಸುಮ್ಮನೆ ಒಪ್ಪಲಿಲ್ಲ. ಪುಟವನ್ನು ಬೆಳಕಿಗೆ ಹಿಡಿದರು. ಹೊಲಿಗೆಯ ಮೇಲೆ ಉಗುರಾಡಿಸಿ, ಹಾಳೆ ಹೊಸದಾಗಿ ಸೇರಿಸಿದ್ದೇನೋ ಎಂದು ಎಣಿಸಿದರು. ಹಿಂದಿನ ಪುಟದ ಶಾಯಿ, ಮುಂದಿನ ಪುಟದ ಶಾಯಿ ಹೋಲಿಸಿದರು. ಇದನ್ನು ನೀವು ನಿನ್ನೆ ಬರೆದಿಲ್ಲ ಎಂದು ನಾನು ಹೇಗೆ ನಂಬಲಿ ಎಂದು ಕೇಳಿದರು. ಜಗದೇವಿಗೆ ಮುಖದ ಮೇಲೆ ಹೊಡೆದಂತಾಯಿತು. ಇಷ್ಟು ವರ್ಷ ತಾನು ನೋಡಿದಾಗ ಎದುರಿನವರಿಗೆ ಹೇಗಾಗುತ್ತಿತ್ತೆಂದು ಈಗ ತಿಳಿಯಿತು. ಆದರೂ ಸರಿಯಾಗಿಯೇ ನೋಡುತ್ತಿದ್ದಾರೆ ಎಂದು ಒಳಗೊಳಗೆ ಮೆಚ್ಚಿಕೊಂಡಳು. ಆಕೆ ಕರೆಯದಿದ್ದರೂ ಬಂದಿದ್ದ ಡಾಕ್ಟರ್ ಗುರುಲಿಂಗಪ್ಪ ಹಿಂದಿನ ಬೆಂಚಿನಿಂದ ಎದ್ದು, ಸಹಿ ನನ್ನದು, ಆ ಎಕ್ಸ್-ರೇ ನೋಡಿದವನು ನಾನು, ಬರೆದುಕೊಡುತ್ತೇನೆ ಎಂದರು. ಬೋರ್ಡು ಪುಸ್ತಕವನ್ನು ಇಟ್ಟುಕೊಂಡು, ಪೀರಪ್ಪನ ಎದೆಯನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿತು. ಒಂದೂವರೆ ತಿಂಗಳ ಮೇಲೆ, ಕೆಲಸದ ಧೂಳಿನಿಂದ ಬಂದ ರೋಗ ಎಂಬ ಕಾಗದ ಅವನ ಮನೆಗೆ ಬಂತು. ಅವನ ಹೆಸರೊಂದು ಉಳಿಯಿತು. ವಾಡಿಯ ಉಳಿದ ಹಳೆಯ ಎದೆಗೂಡುಗಳು ಹೋದದ್ದು ಹೋದವೇ.

ಫೈಜಾನ್ ಮತ್ತೆ ಕೆಲಸಕ್ಕೆ ಬಂದದ್ದು ಜಗದೇವಿ ಅವನ ಮನೆಗೆ ಹೋಗಿ ತಪ್ಪೊಪ್ಪಿಕೊಂಡ ಮೇಲೆ. ವಾಡಿಯ ಕಂಪ್ಯೂಟರಿನ ಮುಂದೆ ಕೂತು ಅವನು ಮತ್ತೆ ಆ ಪುಟವನ್ನೇ ತೆರೆದ. ಮೆಸೇಜ್ ಇನ್ನು ಕನ್ನಡದಲ್ಲಿ ಬರುವಂತೆ ಮಾಡಿದ. ತಿಳಿಸಬೇಕಾದವರ ಖಾನೆಯಲ್ಲಿ ಆಕೆಯ ನಂಬರು ಇರಲೋ ತೆಗೆಯಲೋ ಎಂದು ಹಿಂಜರಿಯುತ್ತ ಕೇಳಿದ. ಇರಲಿ, ಆದರೆ ಅದರ ಕೆಳಗೆ ಇನ್ನೊಂದು ಬೇಕು ಎಂದಳು ಜಗದೇವಿ. ಯಾರದು ಎಂದ. ಆಕೆ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತ ಲಾಲಮ್ಮನ ಕಡೆ ನೋಡಿದಳು.

“ಆಕಿದು ಬರಿ,” ಎಂದಳು. “ನನ್ನ ಮ್ಯಾಲೂ ಒಬ್ಬರ ಕಣ್ಣಿರ್ಲಿ.”

ಲಾಲಮ್ಮ ಬಕೆಟ್ ಕೆಳಗಿಟ್ಟಳು. ಸೀರೆಗೆ ಕೈ ಒರೆಸಿಕೊಂಡು ಹತ್ತಿರ ಬಂದು, ಪರದೆಯನ್ನೂ ಜಗದೇವಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದಳು.

“ಅದರಾಗ ಏನೇನ್ ಬರದದ ಅಂತ ಮೊದಲ ಓದಿ ಹೇಳ್ರಿ ಅಕ್ಕೋರ,” ಎಂದಳು. “ಆಮ್ಯಾಲ ನಂಬರ್ ಕೊಡ್ತೀನಿ.”

ಜಗದೇವಿ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟು, ಪಕ್ಕದಲ್ಲಿ ನಿಂತು, ಮೊದಲನೇ ಖಾನೆಯಿಂದ ಓದಿ ಹೇಳತೊಡಗಿದಳು.